ಅಪ್ಪನ ಕಾವಲಿಗೆ ಮೂರು ದಿನ

ನನ್ನ ತಂಗಿ ಪೂಯ್ ಶಾನ್‌ಳ ಮದುವೆ ಮಕಾವಿನ ಕೊಟಾಯ್‌ನ ದೊಡ್ಡ ಕ್ಯಾಸಿನೊ ಹೋಟೆಲಿನಲ್ಲಿ ಎಂದು ಗೊತ್ತಾದ ದಿನವೇ ನಾನು ಬೇಡ ಎಂದಿದ್ದೆ. ನನ್ನ ಮಾತು ನಡೆಯಲಿಲ್ಲ. ಖರ್ಚೆಲ್ಲ ಗಂಡಿನ ಕಡೆಯವರದು. ಅವರು ಗಡಿಯಾಚೆ ಚೀನಾದ ಫೋಶಾನ್‌ನವರು, ನೆಲದ ಟೈಲ್ಸಿನ ಭಾರಿ ವ್ಯಾಪಾರ. ಗಂಡಿನ ಅಪ್ಪ ಹೋಯ್ ಅವರು ಆ ಹೋಟೆಲಿನ ಹಳೆಯ ಗಿರಾಕಿ. ಅವರು ಒಂದು ಫೋನ್ ಮಾಡಿದರೆ ಒಂದು ಮಹಡಿಯಷ್ಟು ಕೋಣೆಗಳು ಸಿದ್ಧವಾಗುತ್ತವೆ ಎಂದು ಪೂಯ್ ಶಾನ್ ಹೆಮ್ಮೆಯಿಂದಲೋ ಸಂಕೋಚದಿಂದಲೋ ಹೇಳಿದಳು.

“ಮೂರೇ ದಿನ ಅಕ್ಕ. ಇಡೀ ಮಕಾವಿನಲ್ಲಿ ಮುನ್ನೂರು ಜನ ಕೂತು ಉಣ್ಣೋ ಹಾಲ್, ಕ್ಯಾಸಿನೊ ಇಲ್ಲದ ಕಡೆ ಎಲ್ಲಿದೆ ಹೇಳು? ಅಪ್ಪನ್ನ ನೀನು ನೋಡ್ಕೊಂಡ್ರೆ ಆಯ್ತು.”

ಅಪ್ಪನ್ನ ನೋಡಿಕೊಳ್ಳುವುದು ಎಂದರೇನು ಎಂದು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಅಪ್ಪ ತಾಮ್ ಕ್ವಾಯ್ ಸಂಗ್ ಒಂದು ಕಾಲದಲ್ಲಿ ಒಳಬಂದರಿನ ಹತ್ತಿರ ಸ್ವಂತ ನೂಡಲ್ಸ್ ಅಂಗಡಿ ಇಟ್ಟಿದ್ದವನು. ದಪ್ಪ ಬಿದಿರಿನ ಒಂದು ತುದಿಯನ್ನು ಗೋಡೆಗೆ ಸಿಕ್ಕಿಸಿ, ಇನ್ನೊಂದು ತುದಿಯ ಮೇಲೆ ತಾನು ಕೂತು ಕುಪ್ಪಳಿಸುತ್ತ ಹಿಟ್ಟು ನಾದುತ್ತಿದ್ದ. ನೋಡಲಿಕ್ಕೆಂದೇ ಜನ ನಿಲ್ಲುತ್ತಿದ್ದರು. ಆ ಅಂಗಡಿಯನ್ನು ಅವನು ಬಕಾರಾ ಎಂಬ ಇಸ್ಪೀಟು ಜೂಜಿನ ಮೇಜಿನ ಮೇಲೆ ಕಳೆದ. ಅಮ್ಮನ ಬಳೆ ಕಳೆದ. ಅಮ್ಮನ ಮೂತ್ರಪಿಂಡ ಕೆಟ್ಟಾಗ ಗ್ವಾಂಗ್‌ಝೌ ಆಸ್ಪತ್ರೆಗೆ ಕರೆದೊಯ್ಯಲು ಇಟ್ಟಿದ್ದ ಹಣವನ್ನೂ ಕಳೆದ. ಅಮ್ಮ ನಲವತ್ತಾರಕ್ಕೆ ಸತ್ತಳು. ಆಗ ನನಗೆ ಇಪ್ಪತ್ತೊಂದು, ಪೂಯ್ ಶಾನ್‌ಗೆ ಒಂಬತ್ತು. ನಾನು ನರ್ಸಿಂಗ್ ಓದುವುದನ್ನು ಅರ್ಧಕ್ಕೇ ಬಿಟ್ಟು ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದೆ. ಈಗಲೂ ಅಲ್ಲೇ ಇದ್ದೇನೆ. ಮದುವೆಯಾಗಲಿಲ್ಲ.

ಅಮ್ಮ ಸತ್ತ ಮೇಲೂ ಅಪ್ಪ ಹತ್ತು ವರ್ಷ ಆಡಿದ. ಆಮೇಲೆ ಒಂದು ಬೆಳಿಗ್ಗೆ ತಾನೇ ಎದ್ದು ಸರ್ಕಾರಿ ಕಚೇರಿಗೆ ಹೋಗಿ, ತನ್ನನ್ನು ಯಾವ ಕ್ಯಾಸಿನೊದೊಳಕ್ಕೂ ಬಿಡಬಾರದೆಂದು ಬರೆದುಕೊಟ್ಟು ಸಹಿ ಹಾಕಿ ಬಂದ. ಅಂಥ ಕಾಗದ ಹಾಕಿದವರ ಹೆಸರು, ಫೋಟೊ ಎಲ್ಲ ಕ್ಯಾಸಿನೊಗಳಿಗೂ ಹೋಗುತ್ತವೆ, ಕಾಲಿಟ್ಟರೆ ಶಿಕ್ಷೆ. ಎರಡು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಬರೆದುಕೊಡಬೇಕು. ಅಪ್ಪ ತಪ್ಪದೆ ಬರೆದುಕೊಟ್ಟ. ಯಾಕೆ ಬಿಟ್ಟ, ಏನಾಯಿತು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾರದೋ ಅಂಗಡಿಯಲ್ಲಿ ನೂಡಲ್ಸ್ ಬೇಯಿಸುತ್ತ, ತಿಂಗಳ ಸಂಬಳದ ಲಕೋಟೆಯನ್ನು ಒಡೆಯದೆ ನನ್ನ ಕೈಗೆ ಕೊಡುತ್ತಿದ್ದ. ಬಸ್ಸಿಗೂ ಸಿಗರೇಟಿಗೂ ನಾನು ದಿನಾ ಚಿಲ್ಲರೆ ಕೊಡುತ್ತಿದ್ದೆ. ಹೀಗೆ ಹನ್ನೆರಡು ವರ್ಷ. ಕ್ವಾಯ್ ಸಂಗ್ ಮನುಷ್ಯನಾದ ಎಂದು ನೆರೆಹೊರೆಯವರು ಹೇಳುತ್ತಿದ್ದರು. ನಾನು ಮಾತ್ರ ಬಟ್ಟೆ ಒಗೆಯುವ ಮೊದಲು ಅವನ ಜೇಬುಗಳನ್ನು ತಡಕುವುದು ಬಿಟ್ಟಿರಲಿಲ್ಲ.

ಬೀಗರಿಗೆ ಇದೊಂದೂ ಗೊತ್ತಿರಲಿಲ್ಲ. ಮೊಣಕಾಲು ನೋವು ಬಂದು ಅಂಗಡಿ ಮುಚ್ಚಿದರು ಎಂದು ಪೂಯ್ ಶಾನ್ ಹೇಳಿದ್ದಳು.

ಮೊದಲ ದಿನ ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ಇಳಿದೆವು. ಆ ಹೋಟೆಲಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ನಡುವಿನ ಜೂಜಿನ ಅಂಗಳವನ್ನು ಬಳಸಿಕೊಂಡೇ ಹೋಗಬೇಕು. ರಸ್ತೆಯಲ್ಲಿ ಮಗುವನ್ನು ಒಳಬದಿಗೆ ಹಾಕಿಕೊಂಡು ನಡೆಯುತ್ತಾರಲ್ಲ, ಹಾಗೆ ನಾನು ಮೇಜುಗಳ ಬದಿಗೆ ನಡೆದೆ, ಅಪ್ಪನನ್ನು ಗೋಡೆಯ ಬದಿಗೆ ಹಾಕಿಕೊಂಡೆ. ಅವನು ತನ್ನ ಬೂಟಿನ ತುದಿಯನ್ನೇ ನೋಡುತ್ತ ಬಂದ.

ಮೂವತ್ತೊಂದನೇ ಮಹಡಿಯಲ್ಲಿ ನಮ್ಮಿಬ್ಬರಿಗೆ ಒಂದು ಕೋಣೆ. ಗುಂಡಿ ಒತ್ತಿದರೆ ಪರದೆ ತಾನೇ ಸರಿಯುತ್ತಿತ್ತು. ಅಪ್ಪನಿಗೆ ಅದು ಬಹಳ ಹಿಡಿಸಿತು. ಮೂರು ಸಲ ತೆಗೆದು ಮುಚ್ಚಿದ.

“ಸಾಕು ಬಿಡು, ಕೆಟ್ಟುಹೋಗತ್ತೆ,” ಎಂದೆ.

“ಕೆಟ್ರೆ ಬೀಗರ ಟೈಲ್ಸ್ ಒಂದೆರಡು ಜಾಸ್ತಿ ಮಾರಾಟ ಆಗ್ಬೇಕು, ಅಷ್ಟೇ ತಾನೆ,” ಎಂದು ನಕ್ಕು ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದ. “ಇದರಲ್ಲಿ ಮಲಗಿದ್ರೆ ಬೆಳಿಗ್ಗೆ ನನ್ನ ಎತ್ತೋಕೆ ಕ್ರೇನ್ ತರಿಸ್ಬೇಕು ಲಾಯ್.”

ನನ್ನ ಹೆಸರು ಲಾಯ್ ಫೊಂಗ್. ನಾನು ನಗಲಿಲ್ಲ. ಕೋಣೆಯ ಎರಡು ಕಾರ್ಡುಗಳನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ಕಾರ್ಡಿಲ್ಲದೆ ಲಿಫ್ಟೂ ಏರುವುದಿಲ್ಲ. ಅಪ್ಪ ಅದನ್ನು ನೋಡಿ ಪರದೆಯ ಕಡೆ ತಿರುಗಿದ.

ಮರುದಿನ ಬೆಳಗಿನ ತಿಂಡಿಗೆ ಬೀಗರ ಮನೆಯವರೂ ನಾವೂ ಒಂದೇ ಉದ್ದ ಮೇಜಿನಲ್ಲಿ ಕೂತಿದ್ದೆವು. ಹೋಯ್ ಅವರು ಎಲ್ಲರಿಗಿಂತ ತಡವಾಗಿ, ನೇರ ಕ್ಯಾಸಿನೊದಿಂದಲೇ ಬಂದರು. ಮುಖ ಕೆಂಪಗಿತ್ತು.

“ಅರ್ಧ ಗಂಟೇಲಿ ಫೋಶಾನ್‌ನಲ್ಲಿ ಒಂದು ಫ್ಲ್ಯಾಟ್ ಹೋಯ್ತು!” ಎಂದು ಕೂಗಿ ಹೇಳಿ, ಗಂಜಿಯ ಬಟ್ಟಲು ಎಳೆದುಕೊಂಡರು. ಮೇಜೆಲ್ಲ ನಗು. ಅವರ ಹೆಂಡತಿ, “ಮಗನ ಮದುವೆ ಅಲ್ವಾ, ಕೈ ಬಿಚ್ಚಿದ್ದಾರೆ,” ಎಂದು ಗಂಡನ ಭುಜದ ಮೇಲಿನ ಧೂಳು ಕೊಡವಿದರು.

“ಬೀಗರೇ, ನೀವು ಒಂದು ಕೈ ನೋಡಲ್ವಾ?” ಎಂದು ಹೋಯ್ ಅವರು ಅಪ್ಪನ ಕಡೆ ತಿರುಗಿದರು.

“ನನಗೆ ಮೊಣಕಾಲು ನೋವು,” ಎಂದ ಅಪ್ಪ.

“ಕೂತ್ಕೊಂಡೇ ಆಡೋದು ಬೀಗರೇ!”

ಮತ್ತೆ ನಗು. ಅಪ್ಪನೂ ನಕ್ಕ. ಪೂಯ್ ಶಾನ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಇವರು ಅರ್ಧ ಗಂಟೆಯಲ್ಲಿ ಕಳೆದದ್ದು ನಮ್ಮ ಇಡೀ ಅಂಗಡಿಗಿಂತ ಹೆಚ್ಚು ಎಂದು ನನಗೆ ಅನ್ನಿಸಿತು. ಆದರೆ ಅವರಿಗೆ ಅದು ಗಂಜಿಯ ಜೊತೆ ನಂಜಿಕೊಳ್ಳುವ ಮಾತು. ನಮಗೆ ಅದು ಅಮ್ಮನ ಸಾವು. ಆ ಸಿಟ್ಟು ಹೋಯ್ ಅವರ ಮೇಲೆ ಬರಬೇಕಿತ್ತು. ಬಂದದ್ದು ಪಕ್ಕದಲ್ಲಿ ಮೊಟ್ಟೆ ಸುಲಿಯುತ್ತ ಕೂತಿದ್ದ ಅಪ್ಪನ ಮೇಲೆ.

ಹನ್ನೊಂದಕ್ಕೆ ಪೂಯ್ ಶಾನ್‌ಳ ಕೆಂಪು ರವಿಕೆಯ ಅಳತೆ ಸರಿಮಾಡಿಸಬೇಕಿತ್ತು. ಅಪ್ಪನನ್ನು ಲಾಬಿಯ ಸೋಫಾದಲ್ಲಿ ಕೂರಿಸಿ, “ಇಲ್ಲಿಂದ ಅಲ್ಲಾಡ್ಬೇಡ,” ಎಂದು ಹೇಳಿ ಹೋದೆ. ಮುಕ್ಕಾಲು ಗಂಟೆಯಲ್ಲಿ ತಿರುಗಿ ಬಂದೆ. ಸೋಫಾದಲ್ಲಿ ಯಾರೋ ಹೆಂಗಸು ಮಗುವಿಗೆ ಹಾಲು ಕುಡಿಸುತ್ತಿದ್ದಳು.

ಶೌಚಾಲಯದ ಹೊರಗೆ ನಿಂತು ಕೂಗಿದೆ. ಅಂಗಡಿ ಸಾಲು ನೋಡಿದೆ. ಊಟದ ಹಾಲ್ ನೋಡಿದೆ. ಅವನ ಫೋನು ಕೋಣೆಯಲ್ಲೇ ಚಾರ್ಜಿಗಿತ್ತು. ಕೊನೆಗೆ ಬಂದು ನಿಂತದ್ದು ಕ್ಯಾಸಿನೊದ ಬಾಗಿಲಲ್ಲಿ. ಒಳಗಿನಿಂದ ಜೂಜಿನ ಬಿಲ್ಲೆಗಳ ಸದ್ದು ಕೇಳುತ್ತಿತ್ತು. ಒಳಗೇ ಇದ್ದಾನೆ, ಇನ್ನೆಲ್ಲಿಗೆ ಹೋಗಲು ಸಾಧ್ಯ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಂಡ ಕೂಡಲೇ ನನ್ನ ಎದೆಬಡಿತ ಒಂದು ಹದಕ್ಕೆ ಬಂತು.

ಕಾವಲಿನವರ ಹತ್ತಿರ ಹೋಗಿ ಅಪ್ಪನ ಹೆಸರು ಹೇಳಿ, ಫೋಟೊ ತೋರಿಸಿ, ಅವನು ನಿಷೇಧದ ಪಟ್ಟಿಯಲ್ಲಿರುವವನು, ಒಳಗೆ ಹೋಗಿದ್ದಾನೆ ಎಂದೆ.

“ಒಳಗೆ ಹೋಗಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?” ಎಂದು ಮೇಲ್ವಿಚಾರಕಿ ಕೇಳಿದಳು.

“ನೋಡಿದೆ,” ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಬೇಗ ಹುಡುಕಲಿ ಎಂದು ಹೇಳಿದೆ ಅಂತ ಆಮೇಲೆ ಪೂಯ್ ಶಾನ್‌ಗೆ ವಿವರಿಸಿದೆ. ಅದು ಅರ್ಧ ನಿಜ.

ಇಪ್ಪತ್ತು ನಿಮಿಷವಾಗಿರಬಹುದು. ಅಷ್ಟರಲ್ಲಿ ಫೋಶಾನ್‌ನಿಂದ ನೆಂಟರ ಎರಡು ಬಸ್ಸು ಬಂದು, ಲಾಬಿಯ ತುಂಬ ಜನ. ಹೋಯ್ ದಂಪತಿಗಳು ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದರು. ಆ ಜನದ ನಡುವಿನಿಂದಲೇ ಅಪ್ಪ ಬಂದ. ಅತ್ತ ಒಬ್ಬ ಕಾವಲಿನವನು, ಇತ್ತ ಒಬ್ಬ. ಎಡಗಡೆಯವನು ಅವನ ಮೊಣಕೈ ಹಿಡಿದಿದ್ದ. ಮದುವೆಗೆಂದು ಹೊಲಿಸಿದ್ದ ಹೊಸ ಕೋಟಿನ ತೋಳು ಅಲ್ಲಿ ಮುದುಡಿತ್ತು.

“ಇದೇನು? ಬೀಗರು ಏನಾದ್ರೂ ಕಳ್ಕೊಂಡ್ರಾ?” ಎಂದು ಹೋಯ್ ಅವರ ಹೆಂಡತಿ ಮುಂದೆ ಬಂದರು.

ಆಗ ನಾನು ಬಾಯಿಬಿಟ್ಟೆ. “ಕಳ್ಕೊಳ್ಳೋಕೆ ಇನ್ನೇನು ಉಳಿಸಿದ್ದಾನೆ ಅಮ್ಮ, ಇವನು? ಅಂಗಡಿ ಕಳೆದ, ನಮ್ಮಮ್ಮನ್ನ ಕಳೆದ. ಮಗಳ ಮದುವೆ ದಿನಾನಾದ್ರೂ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?”

ಬಸ್ಸಿನಿಂದ ಇಳಿದವರೆಲ್ಲ ಪೆಟ್ಟಿಗೆ ಹಿಡಿದು ನಿಂತುಬಿಟ್ಟರು. ಪೂಯ್ ಶಾನ್ ಯಾವಾಗ ಬಂದಳೋ, ಅರ್ಧ ಗುಂಡಿ ಹಾಕಿದ ಕೆಂಪು ರವಿಕೆಯಲ್ಲೇ ಲಿಫ್ಟಿನ ಹತ್ತಿರ ನಿಂತಿದ್ದಳು.

ಮೇಲ್ವಿಚಾರಕಿ ತಗ್ಗಿದ ದನಿಯಲ್ಲಿ ಹೇಳಿದಳು: “ಇವರು ಒಳಗೆ ಹೋಗಿಲ್ಲ ಮೇಡಂ. ಕ್ಯಾಮೆರಾ ಎಲ್ಲ ನೋಡಿದ್ವಿ. ಹಿಂದುಗಡೆ, ಕೆಲಸದವರ ಬಸ್ ನಿಲ್ಲೋ ಕಡೆ ಕೂತಿದ್ರು. ಲಾಂಡ್ರಿಯವರೊಬ್ಬರ ಜೊತೆ ಮಾತಾಡ್ತಾ ಇದ್ರು, ಅಷ್ಟೇ.” ಸ್ವಲ್ಪ ತಡೆದು, “ನೀವು ನೋಡಿದೆ ಅಂದ್ರಲ್ಲ?” ಎಂದಳು.

ಅಪ್ಪ ತನ್ನ ಮೊಣಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಕಾವಲಿನ ಇಬ್ಬರಿಗೂ ತಲೆಬಾಗಿಸಿ, ಬೀಗರ ಕಡೆ ತಿರುಗಿದ.

“ಮಗಳು ಹೇಳಿದ್ದು ಸರಿ ಬೀಗರೇ. ನನ್ನ ಅಂಗಡಿ ಹೋಗಿದ್ದು ಮೊಣಕಾಲಿನಿಂದ ಅಲ್ಲ.”

ನಾನೂ ಅಪ್ಪನೂ ಕೋಣೆಗೆ ಬಂದ ಮೇಲೆ ಪೂಯ್ ಶಾನ್ ಹಿಂದೆಯೇ ಬಂದಳು. ಕಣ್ಣಿನ ಕಪ್ಪು ಕೆನ್ನೆಗಿಳಿದಿತ್ತು.

“ಎಂಟು ತಿಂಗಳು ಆ ಮನೆಯವರ ಮುಂದೆ ಎಷ್ಟು ಹುಷಾರಾಗಿ ಮಾತಾಡಿದೀನಿ ಗೊತ್ತಾ ನಿಂಗೆ? ಒಂದೇ ಉಸಿರಲ್ಲಿ ಎಲ್ಲ ಚೆಲ್ಲಿಬಿಟ್ಯಲ್ಲ. ಅದೂ ಏನೂ ಮಾಡದೇ ಇದ್ದವನ ಮೇಲೆ!”

“ನಿನಗೋಸ್ಕರಾನೇ ಕಾಯ್ತಾ ಇದ್ದಿದ್ದು ನಾನು. ನೀನೇ ಹೇಳಿದ್ದಲ್ವಾ, ಅಪ್ಪನ್ನ ನೋಡ್ಕೋ ಅಂತ?”

“ನೋಡ್ಕೋ ಅಂದೆ. ಹಿಡಿದುಕೊಡು ಅನ್ಲಿಲ್ಲ.”

“ಮದುಮಗಳು ಅಳಬಾರದು ಶಾನ್,” ಎಂದ ಅಪ್ಪ. “ಹೋಗು, ಮುಖ ತೊಳ್ಕೋ.” ಅವಳು ಹೋದ ಮೇಲೆ ಕೋಟು ಕಳಚಿ, ಮುದುಡಿದ ತೋಳನ್ನು ಮಂಡಿಯ ಮೇಲಿಟ್ಟು ಉಜ್ಜಿ ಸರಿಮಾಡತೊಡಗಿದ.

“ಎಲ್ಲಿಗೆ ಹೋಗ್ತೀನಿ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?” ಎಂದೆ ನಾನು. ಆಗಲೂ ನನ್ನ ದನಿಯಲ್ಲಿ ಜೋರಿತ್ತು.

“ಹೇಳಿದ್ರೆ ಬಿಡ್ತಿದ್ಯಾ?” ಎಂದ. “ಯಾರೂ ನನ್ನ ನೋಡದೇ ಇರೋ ಕಡೆ ಒಂದು ಗಂಟೆ ಕೂರ್ಬೇಕು ಅನ್ನಿಸ್ತು. ಆ ಲಾಂಡ್ರಿಯವನು ನಮ್ಮ ಹಳೇ ಅಂಗಡಿ ಬೀದಿಯವನೇ. ಅವನ ಮಗಳಿಗೆ ನನ್ನ ನೂಡಲ್ಸ್ ಇಷ್ಟ ಇತ್ತಂತೆ.”

ನಾನು ಚೀಲದಿಂದ ಕೋಣೆಯ ಒಂದು ಕಾರ್ಡು ತೆಗೆದು ಅವನ ಮೇಜಿನ ಮೇಲಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚಹಾ ಕೊಡುವ ಶಾಸ್ತ್ರ. ಪೂಯ್ ಶಾನ್ ಮಂಡಿಯೂರಿ ಅಪ್ಪನಿಗೆ ಬಟ್ಟಲು ಹಿಡಿದಳು. ಪಕ್ಕದಲ್ಲಿ ಅಮ್ಮನ ಹೆಸರಿನ ಖಾಲಿ ಕುರ್ಚಿ. ಅಪ್ಪ ಒಂದೇ ಗುಟುಕಿಗೆ ಕುಡಿದು, ತಾನು ಎಂದೋ ಮಾಡಿಸಿಟ್ಟಿದ್ದ ಒಂದು ತೆಳ್ಳನೆಯ ಬಂಗಾರದ ಬಳೆ ತೊಡಿಸಿದ. ದಿನದ ಸಿಗರೇಟಿನ ಚಿಲ್ಲರೆಯಲ್ಲಿ ಉಳಿಸಿದ್ದೇ ಇರಬೇಕು. ಅವನು ಸಿಗರೇಟು ಬಿಟ್ಟದ್ದು ಯಾವಾಗ ಎಂದು ನನಗೆ ತಿಳಿದೇ ಇರಲಿಲ್ಲ. ಅಷ್ಟು ಸಲ ಜೇಬು ತಡಕಿದವಳಿಗೆ!

ಅದು ಮುಗಿದ ಮೇಲೆ ಹೋಯ್ ಅವರ ಹೆಂಡತಿ ಸಂಜೆಯ ಔತಣದಲ್ಲಿ ಯಾರು ಎಲ್ಲಿ ಕೂರಬೇಕೆಂಬ ಪಟ್ಟಿ ಹಿಡಿದು ನನ್ನ ಹತ್ತಿರ ಬಂದರು.

“ನಿಮ್ಮ ತಂದೆಗೆ ಅಡುಗೆಮನೆ ಬಾಗಿಲ ಹತ್ರದ ಮೇಜು ಹಾಕ್ಸಿದೀನಿ. ಅಲ್ಲಿ ಎಸಿ ಕಡಿಮೆ, ಮೊಣಕಾಲಿಗೆ ಒಳ್ಳೇದು,” ಎಂದರು. ಆಮೇಲೆ ನನ್ನ ಕೈ ಹಿಡಿದು, “ನೀನು ಮಾತ್ರ ನಮ್ಮ ಜೊತೆ ಮುಂದಿನ ಮೇಜಲ್ಲೇ ಕೂರ್ಬೇಕು. ನಿನ್ನಂಥ ಮಗಳಿದ್ದಿದ್ದಕ್ಕೆ ಆ ಮನೆ ಉಳೀತು. ಎಲ್ರೂ ಅದೇ ಮಾತಾಡ್ತಿದಾರೆ,” ಎಂದರು.

ಇಪ್ಪತ್ತೆರಡು ವರ್ಷಗಳಿಂದ ಯಾರಾದರೂ ಈ ಮಾತು ಹೇಳಲಿ ಎಂದು ಕಾದಿದ್ದೆ. ಕೇಳಿದಾಗ ಬಾಯಿ ಕಹಿಯಾಯಿತು. ಆದರೂ ಬೇಡವೆನ್ನಲಿಲ್ಲ. ಅಪ್ಪನನ್ನು ಮುಂದೆ ಕೂರಿಸಿ ಎಂದೂ ಕೇಳಲಿಲ್ಲ.

ಮಧ್ಯಾಹ್ನ ಔತಣದ ಹಾಲ್ ನೋಡಲು ಕೆಳಗಿಳಿದೆ. ಅಪ್ಪ ಲಾಬಿಯ ಅದೇ ಸೋಫಾದಲ್ಲಿ ಕೂತಿದ್ದ. ಪಕ್ಕದಲ್ಲಿ ಹೋಯ್ ಅವರು, ಅವನ ಹೆಗಲ ಮೇಲೆ ಕೈಹಾಕಿಕೊಂಡು. ನಾನು ಹತ್ತಿರ ಹೋಗಬಹುದಿತ್ತು. ಕಾಲು ತಾನಾಗಿ ಕಂಬದ ಹಿಂದೆ ನಿಂತಿತು.

“ಬಕಾರಾನೇ ತಾನೆ ನಿಮ್ಮದು?” ಎಂದು ಹೋಯ್ ಕೇಳುತ್ತಿದ್ದರು.

“ಹೂಂ.”

“ನಿನ್ನೆ ನನ್ನ ಹೆಂಡ್ತಿ ಏನೇನೋ ಅಂದ್ಳು. ನಂಗೆ ಮಾತ್ರ ನಿಮ್ಮ ಮೇಲೆ ಗೌರವ ಜಾಸ್ತಿ ಆಯ್ತು ನೋಡಿ. ಎಲೆಗಳ ನಡೆ ಗೊತ್ತಿರೋ ಮನುಷ್ಯ! ಮೇಲೆ ನಂದೊಂದು ಖಾಸಗಿ ಕೋಣೆ ಇದೆ. ಅಲ್ಲಿ ಯಾರು ಹೆಸರು ಕೇಳ್ತಾರೆ? ನಾನು ಹೇಳಿದ್ರೆ ಮುಗೀತು. ನೀವು ಆಡ್ಬೇಡಿ ಬೀಗರೇ, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಎರಡು ದಿನದಿಂದ ಕೈ ಹತ್ತುತ್ತಾ ಇಲ್ಲ.”

“ನನ್ನ ಪಕ್ಕ ಕೂತವರು ಯಾರೂ ಉದ್ಧಾರ ಆಗಿಲ್ಲ.”

ಹೋಯ್ ತೊಡೆ ತಟ್ಟಿಕೊಂಡು ನಕ್ಕರು. “ನಡೀರಿ ನಡೀರಿ. ಬಂದ್ರೆ ಸಂಜೆ ನಿಮ್ಮ ಕುರ್ಚಿ ನನ್ನ ಪಕ್ಕದಲ್ಲೇ ಹಾಕಿಸ್ತೀನಿ. ಮಗಳು ಮುಂದಿನ ಮೇಜಲ್ಲಿ ಅಪ್ಪನ್ನ ನೋಡಿ ಖುಷಿ ಪಡ್ತಾಳೆ. ಹೆಂಡ್ತಿಗೆ ನಾನು ಹೇಳ್ತೀನಿ.”

ಅಪ್ಪ ನೆಲ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಸೋಫಾದ ತೋಳಿಗೆ ಕೈಯೂರಿ ಎದ್ದು ನಿಂತ.

ಎದ್ದಾಗ ನನ್ನೊಳಗೆ ಎದ್ದದ್ದು ಏನು ಎಂದು ಹೇಳಿಬಿಡುತ್ತೇನೆ. ಹೋಗು, ಎಂದಿತು ನನ್ನ ಮನಸ್ಸು. ಹೋಗು, ಒಳಗೆ ಹೋಗು. ಹೋದರೆ ನಿನ್ನೆಯ ನನ್ನ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ. ಹೋದರೆ ಇಪ್ಪತ್ತೆರಡು ವರ್ಷ ನಾನು ಹಿಡಿದಿಟ್ಟ ಸಿಟ್ಟಿಗೆ ಮತ್ತೆ ಒಂದು ನೆಲೆ ಸಿಗುತ್ತದೆ. ಕಂಬಕ್ಕೆ ಆತುಕೊಂಡು, ಉಸಿರು ಹಿಡಿದು, ನನ್ನ ಅಪ್ಪ ಹಾಳಾಗಲಿ ಎಂದು ಕಾದೆ.

“ಇಲ್ಲ ಬೀಗರೇ,” ಎಂದ ಅಪ್ಪ. “ಅಡುಗೆಮನೆ ಬಾಗಿಲ ಹತ್ರಾನೇ ವಾಸಿ. ಬಿಸಿಬಿಸಿ ಊಟ ಮೊದಲು ಅಲ್ಲಿಗೇ ಬರತ್ತೆ.”

“ನಿಮ್ಮಿಷ್ಟ,” ಎಂದು ಹೋಯ್ ಮುಖ ಗಂಟಿಕ್ಕಿಕೊಂಡು ಒಬ್ಬರೇ ಹೋದರು. ಅಪ್ಪ ತಿರುಗಲಿಲ್ಲ. ಅವನೆದುರಿಗೆ ಗೋಡೆಯಗಲ ಕನ್ನಡಿಯಿತ್ತು. ಅದರಲ್ಲಿ ಕಂಬವೂ ಕಾಣುತ್ತಿತ್ತು, ನಾನೂ ಕಾಣುತ್ತಿದ್ದೆ.

“ಬಾ ಈಚೆಗೆ,” ಎಂದ.

ಹೋಗಿ ನಿಂತೆ.

“ನಾನು ಎದ್ದಾಗ ನಿನ್ನ ಮುಖ ಕಾಣಿಸ್ತು ಲಾಯ್. ಎಲ್ಲಿ ಹೋಗಿಬಿಡ್ತಾನೋ ಅಂತ ಹೆದರಿದ ಮುಖ ಅಲ್ಲ ಅದು.”

“ಅಪ್ಪ, ನಾನು...”

“ನಿನ್ನ ತಪ್ಪು ಅನ್ನಲ್ಲ. ನಿನ್ನ ಹಾಗೆ ಮಾಡಿದವನು ನಾನೇ. ಸಾಯೋವರೆಗೂ ಅದು ನನ್ನ ತಲೆ ಮೇಲೇ ಇರತ್ತೆ.” ಅವನ ದನಿ ಏರಲಿಲ್ಲ. “ಆದ್ರೆ ಆ ಮುಖ ನೋಡ್ಕೊಂಡು ಒಂದೇ ಮನೇಲಿ ಇರೋಕೆ ಇನ್ನು ನನ್ನ ಕೈಲಾಗಲ್ಲ.”

ಸಂಜೆ ಅವನು ಹೇಳಿದ ಜಾಗದಲ್ಲೇ ಕೂತು, ನೆಂಟರ ಬಸ್ಸಿನ ಡ್ರೈವರುಗಳ ಜೊತೆ ಊಟ ಮಾಡಿದ. ಮದುಮಕ್ಕಳು ಆ ಮೇಜಿಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ. ನಾನು ಮುಂದಿನ ಮೇಜಿನಲ್ಲಿ, ಹೋಯ್ ಅವರ ಹೆಂಡತಿಯ ಪಕ್ಕ, ಹಂದಿಮರಿಯ ಗರಿಗರಿ ಚರ್ಮ ಅಗಿಯುತ್ತಿದ್ದೆ. ರುಚಿ ಗೊತ್ತಾಗಲಿಲ್ಲ.

ನಾಲ್ಕು ತಿಂಗಳಲ್ಲಿ ಅಪ್ಪ ಮನೆ ಬಿಟ್ಟ. ವಯಸ್ಸಾದವರಿಗೆ ಸರ್ಕಾರ ಕೊಡುವ ಒಂಟಿ ಕೋಣೆಗೆ ತಾನೇ ಅರ್ಜಿ ಹಾಕಿಕೊಂಡಿದ್ದ. ಜಗಳವಿಲ್ಲ, ಮಾತಿಲ್ಲ. ಎರಡು ಚೀಲ, ಒಂದು ಬಾಣಲೆ. ಪೂಯ್ ಶಾನ್ ವಾರಕ್ಕೊಮ್ಮೆ ಅವನಿಗೆ ಫೋನ್ ಮಾಡುತ್ತಾಳೆ. ಅವಳಿಗೆ ಮಗಳು ಹುಟ್ಟಿದಾಗ ತಿಂಗಳು ತುಂಬಿದ ಶಾಸ್ತ್ರಕ್ಕೆ ಅಪ್ಪ ಫೋಶಾನ್‌ಗೆ ಹೋಗಿ ಬಂದ. ನನಗೆ ಮಗುವಿನ ಫೋಟೊ ಬಂತು.

ತಿಂಗಳ ಮೊದಲ ಭಾನುವಾರ ನಾನು ಅವನ ಕೋಣೆಗೆ ಹೋಗುತ್ತೇನೆ. ಅವನು ಬಾಗಿಲು ತೆಗೆದು ಕೂರಿಸಿ, ಚಹಾ ಬಗ್ಗಿಸಿ, ಡಾಕ್ಟರು ಹೇಗಿದ್ದಾರೆ, ಕೆಲಸ ಹೇಗಿದೆ ಎಂದು ವಿಚಾರಿಸುತ್ತಾನೆ. ದೂರದ ನೆಂಟರನ್ನು ಮಾತಾಡಿಸುವ ಹಾಗೆ. ಹೋದ ಸಲ ತಡೆಯಲಾಗಲಿಲ್ಲ.

“ಅಪ್ಪ, ಒಂದ್ಸಲ ಬಾಯಿ ತುಂಬ ಬೈದುಬಿಡು ನನ್ನ.”

“ಯಾಕೆ ಬೈಲಿ? ಮನೆ ನಡೆಸಿದವಳು ನೀನು,” ಎಂದು ತಟ್ಟೆ ಮುಂದೆ ತಳ್ಳಿದ. “ತಗೋ, ಹೆಸರುಹಿಟ್ಟಿನ ಬಿಸ್ಕೆಟ್ಟು. ಶಾನ್ ಕಳ್ಸಿದ್ದು.”

ಒಂದು ತಿಂದೆ. ಅವನು ಗಡಿಯಾರ ನೋಡಿದ.

“ಬಸ್ಸು ತಪ್ಪಿಹೋಗತ್ತೆ ನಿಂಗೆ,” ಎಂದ.

ಆ ದಾರಿಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸಿದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಹೌದು, ತಪ್ಪಿಹೋಗತ್ತೆ ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡೆ.